ಈ ಹೊಲದಾಗ ಏನ್ ಹಾಕ್ಯಾರ?

ಆರು ವರ್ಷದಿಂದ ನಾನು ಒಬ್ಬ ಹಾಡುಗಾರನ ಬೆನ್ನು ಹತ್ತಿದ್ದೇನೆ. ತಾನೇ ಬರೆದು, ತಾನೇ ರಾಗ ಹಾಕಿ, ಗಿಟಾರು ಹಿಡಿದು ಹಾಡುವವ. ಹೆಸರು ಹೇಳೋದಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಉಂಡು ಹೋದವನ ಬಗ್ಗೆ ನಾಲ್ಕು ಖಾರದ ಮಾತು ಬರೆಯೋದಿದೆ, ಅದಕ್ಕೆ. ಊರು ಬಿಟ್ಟವನ ಬಗ್ಗೆ ಅವನದೊಂದು ಹಾಡಿದೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ, ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತ ನನ್ನ ಪರವಾಗಿ ಆ ಹಾಡು ಎಷ್ಟು ಸಲ ವಾದ ಮಾಡಿದೆಯೋ ಲೆಕ್ಕವಿಲ್ಲ.

ಅವನನ್ನು ಮೊದಲು ಹತ್ತಿರದಿಂದ ಕೇಳಿದ್ದು ಇಂದಿರಾನಗರದ ಒಂದು ಫ್ಲ್ಯಾಟಿನಲ್ಲಿ. ಮೂವತ್ತು ಜನ, ನೆಲದ ಮೇಲೆ ಕುಶನ್ನು, ಮೂಲೆಯಲ್ಲೊಂದು ಸಣ್ಣ ಸ್ಪೀಕರು, ಎಲ್ಲರ ಫೋನೂ ಸೈಲೆಂಟು. 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಫಾರ್ ಸೌಂಡ್ಸ್‌ನವರು ಈ ರೂಢಿಯನ್ನು ಊರೂರಿಗೆ ಹಬ್ಬಿಸಿದರು. ಪಬ್ಬಿನ ಗದ್ದಲದಲ್ಲಿ ಹಾಡು ಕೇಳೋರೇ ಇಲ್ಲ ಅನ್ನೋ ಸಿಟ್ಟಿನಿಂದ ಹುಟ್ಟಿದ್ದು ಅದು. ಹಾಗಾಗಿ ಅಲ್ಲಿ ಮೌನವೇ ಮರ್ಯಾದೆ. ಅವತ್ತು ಅವನು ಒಂದು ಸಾಲು ಪಿಸುಗುಟ್ಟಿ ನಿಲ್ಲಿಸಿದಾಗ ಫ್ರಿಜ್ಜಿನ ಸದ್ದು ಕೇಳಿಸಿತ್ತು. ನಾನು ಅತ್ತಿದ್ದೆ, ಸುಳ್ಳ್ಯಾಕ ಹೇಳಲಿ.

ಈ ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ಅವನು ಹಂಪಿಗೆ ಹೊರಟಿದ್ದ. ಡಂಬಳಕ್ಕೆ ಬಾ ಅಂದೆ, ಬಂದ. ದೊಡ್ಡಬಸಪ್ಪನ ಗುಡಿ ತೋರಿಸಿದೆ. ಆ ನಕ್ಷತ್ರದಾಕಾರದ ಗೋಡೆಯ 24 ಮೂಲೆಗಳನ್ನು ಎಣಿಸುತ್ತಾ ಎರಡು ಸುತ್ತು ಹಾಕಿದ. ಸಂಜೆ ನಮ್ಮ ಪಡಸಾಲಿಯಲ್ಲಿ ಜಮಖಾನಿ ಹಾಸಿದೆವು. ಓಣಿಯವರು ಬಂದರು, ಭಜನಿ ಮೇಳದವರೂ ಬಂದರು. ಪೇಟಿ ಬಾರಿಸುವ ಕಾಕಾ ಕರೆಯದೇನೇ ಪೇಟಿ ತಂದಿದ್ದರು. ಗದಗಿನ ಪುಟ್ಟರಾಜ ಗವಾಯಿಗಳ ಹೆಸರು ಬಂದರೆ ಕೈ ಮುಗಿಯುವ ಸೀಮೆ ಇದು. ಕೇಳೋದು ಗೊತ್ತಿಲ್ಲದವರಲ್ಲ ಅವರು.

ಮೊದಲ ಎರಡು ಹಾಡು ಬಿದ್ದುಹೋದವು. ಮೈಕು ಇರಲಿಲ್ಲ. ಅವನ ಗಾಯನ ಮೈಕಿನ ಹತ್ತಿರ ತುಟಿ ಇಟ್ಟು ಕಲಿತದ್ದು, ಪ್ರತಿ ಸಾಲಿನ ಕೊನೆಯ ಶಬ್ದ ಗಂಟಲಲ್ಲೇ ಉಳಿಯುತ್ತದೆ. ಇಂದಿರಾನಗರದಲ್ಲಿ ಅದನ್ನೇ ಆಪ್ತತೆ ಅಂದುಕೊಂಡಿದ್ದೆ. ಇಲ್ಲಿ ಮೂರನೇ ಸಾಲಿನವರಿಗೆ ಅರ್ಧ ಹಾಡು ಮುಟ್ಟಲಿಲ್ಲ. ಜನ ಸುಮ್ಮನೇ ಕೂತಿದ್ದರು, ಆದರೆ ಅದು ಬೇರೆ ಥರದ ಸುಮ್ಮನೆ. ತಾವು ದನಿಗೂಡಿಸುವ ಜಾಗ ಯಾವಾಗ ಬರ್ತದೋ ಅಂತ ಕಾಯುತ್ತಿದ್ದರು. ತತ್ವಪದದಲ್ಲಿ ಪಲ್ಲವಿ ಇರೋದೇ ಕೂತವರಿಗಾಗಿ. ಇವನ ಹಾಡುಗಳಲ್ಲಿ ಪಲ್ಲವಿಯೂ ಅವನದೇ.

ಆಮೇಲೆ ಶರೀಫರ ಪದ ಎತ್ತಿಕೊಂಡ. ಶಿಶುವಿನಹಾಳ ನಮ್ಮಿಂದ ಬಹಳ ದೂರವಿಲ್ಲ. ನಮ್ಮ ತಲೆಮಾರಿನ ಸಾಫ್ಟ್‌ವೇರ್ ಮಂದಿಗೆ ಶರೀಫರು ಸಿಕ್ಕಿದ್ದು ಸಿ. ಅಶ್ವತ್ಥರ ಕ್ಯಾಸೆಟ್ಟಿನಿಂದ, ಇಲ್ಲವೇ 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಿಂದ. ಇವನದೂ ಆ ಎರಡನೇ ದಾರಿಯೇ. ಪಲ್ಲವಿ ಮುಗಿಯುವುದರೊಳಗೆ ಕಾಕಾ ಪೇಟಿಗೆ ಗಾಳಿ ತುಂಬಿದರು, ತಾಳ ಬಿತ್ತು, ಹಿಂದಿನ ಗೋಡೆಗೆ ಬಡಿಯುವಂಥ ದನಿಯಲ್ಲಿ ಎಂಟು ಜನ ಎತ್ತಿಕೊಂಡರು. ಅವನು ಎಂದಿನಂತೆ ಪರಿಣಾಮಕ್ಕಾಗಿ ಒಂದು ಕಡೆ ನಿಲ್ಲಿಸಿದ. ಇವರು ನಿಲ್ಲಲಿಲ್ಲ. ಯಾಕ ನಿಲ್ಲಬೇಕು? ಗಿಟಾರು ತಡವರಿಸಿತು, ಒಂದು ಆವರ್ತ ಬಿಟ್ಟಿತು, ಮತ್ತೆ ಹಿಂದಿನಿಂದ ಓಡಿ ಬಂದು ಸೇರಿತು. ಮುಂದಿನ ಹತ್ತು ನಿಮಿಷ ಅವನು ಮುಂದೆ ಇರಲಿಲ್ಲ, ಮೇಳದ ಹಿಂದೆ ಇದ್ದ. ಗಂಟಲು ಬಿಟ್ಟು ಹಾಡಿದ. ಆರು ವರ್ಷದಲ್ಲಿ ಅವನ ಪೂರ್ತಿ ದನಿ ನಾನು ಕೇಳಿದ್ದು ಅವತ್ತೇ.

ಅಲ್ಲಿಗೇ ಮುಗಿಸಬೇಕಿತ್ತು. ನನ್ನ ಹಾಡು ಹಾಡು ಅಂತ ನಾನೇ ಕೇಳಿಕೊಂಡೆ. ಹಾಡಿದ. ಅದರಲ್ಲಿ ಒಂದು ಹೊಲ ಬರ್ತದೆ, ಒಂದು ಎತ್ತಿನ ಗಾಡಿ, ಒಂದು ದೀಪ. ಮುಗಿದ ಮೇಲೆ ಕಾಕಾ ಕೇಳಿದರು: "ರಾಗ ಚಲೋ ಐತಿ ತಮ್ಮಾ. ಆದ್ರ ಈ ಹೊಲದಾಗ ಏನ್ ಹಾಕ್ಯಾರ?"

ಅವನು ನಕ್ಕ. ಉತ್ತರ ಇರಲಿಲ್ಲ. ಶರೀಫರು ಮಾಳಿಗೆ ಸೋರೋದರ ಬಗ್ಗೆ ಹಾಡು ಕಟ್ಟಿದರಲ್ಲ, ಆ ಮಾಳಿಗೆಯನ್ನು ನೀವು ದೇಹ ಅನ್ನಿ, ಮನಸ್ಸು ಅನ್ನಿ, ಮೊದಲು ಅದು ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಹತ್ತಿದವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಇವನ ಹೊಲ ಯಾರದೂ ಅಲ್ಲ. ಅದಕ್ಕೇ ನನ್ನಂಥವರೆಲ್ಲ ಅದರಲ್ಲಿ ಆರಾಮಾಗಿ ಕೂರಬಹುದು.

ಅಡಿಗಿ ಮನಿ ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ಕೇಳಿದಳು: "ಯಪ್ಪಾ, ನಿಮ್ಮವ್ವ ಊರಾಗ ಒಬ್ಬಾಕೇ ಅದಾಳೇನು?"

"ಇಲ್ಲ ಅಮ್ಮ, ನಾನು ಹುಟ್ಟಿದ್ದೇ ಬೆಂಗಳೂರಲ್ಲಿ. ಅಮ್ಮ ನನ್ನ ಜೊತೇನೇ ಇದ್ದಾರೆ."

"ಹಂಗಾರ ಚಲೋ ಆತು" ಅಂದು ಅವ್ವ ಒಳಗೆ ಹೋದಳು.

ಊರು ಬಿಡದವನು ಊರು ಬಿಟ್ಟ ಹಾಡು ಬರೆಯಬಾರದು ಅಂತ ನಾನೇನೂ ಹೇಳೋದಿಲ್ಲ. ಹಂಗಂದ್ರೆ ಅರ್ಧ ಸಾಹಿತ್ಯ ತಿಪ್ಪೆಗೆ ಹಾಕಬೇಕಾಗ್ತದೆ. ನನ್ನ ತಕರಾರು ಬೇರೆ. ಆ ಹಾಡಿನಲ್ಲಿ ಹೋದವನ ದುಃಖ ನಾಲ್ಕು ಚರಣ ಇದೆ, ಮನೆಯಲ್ಲಿ ಉಳಿದವರು ಒಂದು ಸಾಲಿನಲ್ಲೂ ಇಲ್ಲ. ಇಷ್ಟು ವರ್ಷ ನನಗೆ ಅದು ಹಿಡಿಸಿದ್ದೂ ಅದಕ್ಕೇ ಇರಬೇಕು.

ಮರುದಿನ ಬೆಳಿಗ್ಗೆ ಹುಡುಗ ಕಾಕಾನ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದ. ಯಾವಾಗ ಏನು ಬಿತ್ತುತ್ತಾರೆ ಅಂತ ಕೇಳಿ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲಿ, ಬಿಳಿಜೋಳ. ಕಾಕಾ ನನ್ನ ಕಡೆ ತಿರುಗಿದರು.

"ನಿಮ್ಮ ಹೊಲದಾಗ ಈ ಸಲ ಏನೈತಿ, ಹೇಳೋ ಇವಂಗ."

ನನಗೆ ಗೊತ್ತಿರಲಿಲ್ಲ. ಅವ್ವನ್ನ ಕೇಳಿ ಬರ್ತೀನಿ ಅಂತ ಎದ್ದೆ.