ನಂದಿಕೋಲು ಹೊತ್ತವರು
ವಾಗದರಿ, ಅಕ್ಕಲಕೋಟೆ ಕಡೆಯವರಿಗೆ ಸಂಕ್ರಾಂತಿ ಅಂದರೆ ಸೊಲ್ಲಾಪುರದ ಸಿದ್ಧರಾಮನ ಗಡ್ಡಾ ಜಾತ್ರೆ. ಮದುವೆಯಾಗೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಆ ಶರಣ ತನ್ನ ಯೋಗದಂಡದ ಜೊತೆ ಮದುವೆ ಮಾಡಿಸಿದನಂತೆ. ಆ ದಂಡದ ನೆನಪೇ ಜಾತ್ರೆಯಲ್ಲಿ ಹೊರುವ ಈ ನಂದಿಕೋಲು. ಏಳು ಕೋಲುಗಳು ಊರಿನ 68 ಲಿಂಗಗಳನ್ನು ಸುತ್ತಿ ಬರುತ್ತವೆ.

ಜನ ಕತ್ತೆತ್ತಿ ಕೋಲಿಗೆ ಕಟ್ಟಿದ ಬಾಸಿಂಗ ನೋಡುತ್ತಾರೆ. ನನ್ನ ನೋಟ ಕೆಳಗೆ, ಹೊತ್ತವನ ಮೇಲೆ. ಬಿಳಿ ಬಾರಾಬಂದಿ ತೊಟ್ಟವನ ಕಣ್ಣು ಮಾತ್ರ ಕೋಲಿನ ತುದಿ ಬಿಡುವುದಿಲ್ಲ. ಅದು ತುಸು ವಾಲಿತೋ, ಕೈಗಿಂತ ಮೊದಲು ಹಿಮ್ಮಡಿ ಜರುಗುತ್ತದೆ, ಮೊಣಕಾಲು ಸಡಿಲಾಗುತ್ತದೆ, ಬಿದಿರು ನೆಟ್ಟಗಾಗುತ್ತದೆ. ಬರೀ ತೋಳ್ಬಲದವನಿಗೆ ಇದು ದಕ್ಕದು. ಹೆಗಲು ಬದಲಿಸುವ ಗಳಿಗೆಯಂತೂ ನೋಡಬೇಕು: ಮಾತಿಲ್ಲ, ಸನ್ನೆಯಿಲ್ಲ, ಹಲಗೆಯ ಸದ್ದಿನ ನಡುವೆ ಇನ್ನೊಬ್ಬ ಒಳಗೆ ಸರಿದಿರುತ್ತಾನೆ. ತುದಿಗೆ ಸುದ್ದಿಯೇ ಹೋಗಿರುವುದಿಲ್ಲ!