‘ಪರಿಹಾರ, ಇದ್ದಲ್ಲಿ’: ಒಂದು ಹಳೆಯ ಕಾಯ್ದೆಯ ಸಾಲಿಗೆ ಮಂಡ್ಯ ಸೀಮೆಯ ವ್ಯಾಖ್ಯಾನ

1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮೂಲದಲ್ಲಿ ಇಡಿಯಾಗಿ ನಾಲ್ಕಾರು ಕಲಂ ಮೀರಿರಲಿಲ್ಲ. ಮುಂಬೈ ಪ್ಲೇಗಿಗೆ ಹೆದರಿದ ಬ್ರಿಟಿಷರು ಆ ವರ್ಷದ ಫೆಬ್ರುವರಿಯಲ್ಲಿ ಅವಸರದಿಂದ ಮಾಡಿದ ಕಾನೂನು ಅದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕ ಸರ್ಕಾರ ಮೊದಲು ಕೈಗೆತ್ತಿಕೊಂಡದ್ದೂ ಅದನ್ನೇ. ಅದರ ಎರಡನೇ ಕಲಮಿನ ತಿರುಳೆಲ್ಲ ಒಂದೇ ಉದ್ದನೆಯ ವಾಕ್ಯದಲ್ಲಿದೆ. ಆ ವಾಕ್ಯವನ್ನು ತುಂಡು ತುಂಡಾಗಿ ಬಿಡಿಸಿ, ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಅದು ಹೇಗೆ ನಡೆಯಿತೆಂದು ನೋಡುವುದು ಇಲ್ಲಿನ ಕೆಲಸ. ಕನ್ನಡಕ್ಕೆ ತಂದವನು ನಾನೇ.

“ರಾಜ್ಯಕ್ಕೋ ಅದರ ಯಾವುದೇ ಭಾಗಕ್ಕೋ ಅಪಾಯಕಾರಿ ರೋಗ ಹರಡಿದೆ, ಇಲ್ಲವೆ ಹರಡುವ ಭೀತಿಯಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದಾಗ,”

ರೋಗ ಬಂದೇ ತೀರಬೇಕೆಂದಿಲ್ಲ, ಭೀತಿ ಸಾಕು. ಮಾರ್ಚ್ 10ರಂದು ಕಲಬುರಗಿಯಲ್ಲಿ ಒಬ್ಬ ವೃದ್ಧರು ತೀರಿಕೊಂಡರು. ಅದೇ ದೇಶದ ಮೊದಲ ಕೋವಿಡ್ ಸಾವು ಎಂದು ಎರಡು ದಿನದ ಮೇಲೆ ಖಚಿತವಾಯಿತು. ನಡುವೆ, 11ರಂದೇ, ರಾಜ್ಯದ ಕೋವಿಡ್ ನಿಯಮಾವಳಿ ಹೊರಬಿದ್ದಿತ್ತು. ಮಂಡ್ಯ ಜಿಲ್ಲೆಯಲ್ಲಿ ಆಗ ಒಂದು ಪ್ರಕರಣವೂ ಇರಲಿಲ್ಲ. ಮಳವಳ್ಳಿಯಲ್ಲಿ ಸೋಂಕು ಪತ್ತೆಯಾದದ್ದು ಏಪ್ರಿಲ್ ಮೊದಲ ವಾರದಲ್ಲಿ. ಅಂದರೆ ಇಲ್ಲಿನವರು ಹೆಚ್ಚುಕಡಿಮೆ ನಾಲ್ಕು ವಾರ ಬದುಕಿದ್ದು ‘ಭೀತಿ’ ಎಂಬ ಪದದ ಕೆಳಗೆ. ದಕ್ಷಿಣ ಆಫ್ರಿಕಾದ್ದೂ ಇದೇ ನಡೆ. ಅಲ್ಲಿ ಮೊದಲ ಪ್ರಕರಣ ಮಾರ್ಚ್ 5ಕ್ಕೆ. 15ರಂದು, 61 ಪ್ರಕರಣಗಳಿದ್ದಾಗಲೇ, ರಾಷ್ಟ್ರೀಯ ವಿಪತ್ತಿನ ಘೋಷಣೆ. ನಮ್ಮ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ, ಅವರದು 27ಕ್ಕೆ. ಬೇಗ ಬಾಗಿಲು ಹಾಕಿದ್ದನ್ನು ತಪ್ಪೆನ್ನಲಾಗದು. ರೋಗಕ್ಕಿಂತ ಮುಂದಿರಬೇಕೆಂಬುದೇ ಈ ಸಾಲಿನ ಆಶಯ.

“ಜಾರಿಯಲ್ಲಿರುವ ಸಾಮಾನ್ಯ ಕಾನೂನು ಸಾಲದೆಂದು ತೋರಿದರೆ,”

ಸಾಲದೆಂದು ಯಾರಿಗೆ ತೋರಬೇಕು? ಸರ್ಕಾರಕ್ಕೇ. ಇಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ.

“ತಾನೇ ಕ್ರಮ ಕೈಗೊಳ್ಳಬಹುದು, ಇಲ್ಲವೆ ಯಾವುದೇ ವ್ಯಕ್ತಿಗೆ ಆ ಅಧಿಕಾರ ಕೊಡಬಹುದು;”

‘ಯಾವುದೇ ವ್ಯಕ್ತಿ’ ಎಂದರೆ ಡಿಸಿ, ತಹಶೀಲ್ದಾರ್, ಪಿಡಿಒ. ಕೊನೆಗೆ ಕೆಲಸ ಬಂದು ಬಿದ್ದದ್ದು ಗೌರವಧನಕ್ಕೆ ದುಡಿಯುವ ಆಶಾ ಕಾರ್ಯಕರ್ತೆಯರ ಮೇಲೆ. ಮನೆ ಮನೆಗೆ ಹೋಗಿ ‘ಬೆಂಗಳೂರಿಂದ ಯಾರಾದ್ರೂ ಬಂದವ್ರಾ?’ ಎಂದು ಕೇಳಿ ಬರೆದುಕೊಂಡವರು ಅವರೇ. ಇನ್ನು ಕೆಲವು ಹಳ್ಳಿಗಳು ತಮಗೆ ತಾವೇ ಅಧಿಕಾರ ಕೊಟ್ಟುಕೊಂಡು, ದಾರಿಗೆ ಮುಳ್ಳುಬೇಲಿ ಎಳೆದವು. ಕಾಯ್ದೆಯಲ್ಲಿ ಅದಕ್ಕೆ ಆಧಾರವಿಲ್ಲ.

“ಜನ ಪಾಲಿಸಬೇಕಾದ ತಾತ್ಕಾಲಿಕ ನಿಯಮಗಳನ್ನು ಬಹಿರಂಗ ಪ್ರಕಟಣೆಯ ಮೂಲಕ ವಿಧಿಸಬಹುದು;”

‘ತಾತ್ಕಾಲಿಕ’ ಎಂಬುದನ್ನು ಯಾರ ಕ್ಯಾಲೆಂಡರಿನಲ್ಲಿ ಅಳೆಯಬೇಕು? ಮೊದಲ ಲಾಕ್‌ಡೌನ್ 21 ದಿನ. ಮಳವಳ್ಳಿ, ಮದ್ದೂರಿನ ರೇಷ್ಮೆ ಮನೆಯಲ್ಲಿ 21 ದಿನವೆಂದರೆ ಹುಳುವಿನ ಆಯುಸ್ಸೇ ಬಹುಪಾಲು ಮುಗಿದಂತೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳು ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಹಣ್ಣಾದ ಕೂಡಲೇ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಐದಾರು ದಿನದಲ್ಲಿ ಗೂಡು ಬಿಡಿಸಬೇಕು. ಬಿಡಿಸಿದ ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ. ಒಳಗಿನ ಪ್ಯೂಪಾ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ತೆಗೆಯಲಾಗದು. ರಾಮನಗರದ ಗೂಡಿನ ಮಾರುಕಟ್ಟೆ ಇರುವುದು ಜಿಲ್ಲೆಯ ಗಡಿಯಾಚೆ. ಬಸ್ಸು, ಟೆಂಪೊ ನಿಂತ ದಿನಗಳಲ್ಲಿ ಬೆಳೆಗಾರನ ಮುಂದಿದ್ದ ಲೆಕ್ಕ ಇದು. ಸರ್ಕಾರಕ್ಕೆ ತಾತ್ಕಾಲಿಕವಾದದ್ದು ಅವನಿಗೆ ಒಂದು ಪೂರ್ತಿ ಬೆಳೆ.

“ರೈಲಿನಲ್ಲೋ ಬೇರೆ ರೀತಿಯಲ್ಲೋ ಪ್ರಯಾಣಿಸುವವರನ್ನು ತಪಾಸಿಸಬಹುದು; ಶಂಕಿತರನ್ನು ಆಸ್ಪತ್ರೆಯಲ್ಲೋ ತಾತ್ಕಾಲಿಕ ನೆಲೆಯಲ್ಲೋ ಬೇರೆ ಇಡಬಹುದು;”

ಇದು ಎರಡನೇ ಉಪಕಲಮಿನ ಮಾತು. ಬರೆದವರ ಕಣ್ಣಮುಂದಿದ್ದದ್ದು ರೈಲು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದೂ ಹುಬ್ಬಳ್ಳಿ ಕಡೆಯ ರೈಲು ಹತ್ತಿಯೇ. 2020ರಲ್ಲಿ ರೈಲೇ ನಿಂತು, ಮದ್ದೂರು ನಿಲ್ದಾಣದಲ್ಲಿ ವಡೆ ಕೂಗುವ ದನಿಯೂ ನಿಂತಿತ್ತು. ಈ ಸಾಲಿಗೆ ನಿಜವಾದ ಕೆಲಸ ಬಿದ್ದದ್ದು ಮೇ ತಿಂಗಳಲ್ಲಿ. ಮುಂಬೈಯಲ್ಲಿ ದುಡಿಯುತ್ತಿದ್ದ ಕೆ.ಆರ್.ಪೇಟೆ, ನಾಗಮಂಗಲ ಕಡೆಯವರು ಊರಿಗೆ ಮರಳಿದರು. ಅವರನ್ನು ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಮೇ 19ರಂದು ರಾಜ್ಯದಲ್ಲಿ ಪತ್ತೆಯಾದ 149 ಪ್ರಕರಣಗಳಲ್ಲಿ 71 ಮಂಡ್ಯ ಜಿಲ್ಲೆಯವು. ಬಂದವರನ್ನು ಹಾಸ್ಟೆಲಿನಲ್ಲೇ ಪರೀಕ್ಷಿಸಿದ್ದರಿಂದ ಊರೊಳಗೆ ಹೋಗುವ ಮುನ್ನವೇ ಬಹಳಷ್ಟು ಸೋಂಕು ಸಿಕ್ಕಿತು. ಕಾಯ್ದೆ ತನ್ನ ಮಾತು ಉಳಿಸಿಕೊಂಡ ಕಡೆ ಇದು.

“ತಗಲುವ ವೆಚ್ಚವನ್ನು, ಪರಿಹಾರ ಇದ್ದಲ್ಲಿ ಅದನ್ನೂ ಸೇರಿಸಿ, ಯಾರು ಹೇಗೆ ಭರಿಸಬೇಕೆಂದು ನಿರ್ಧರಿಸಬಹುದು.”

ಮೊದಲ ಉಪಕಲಂ ಮುಗಿಯುವುದು ಹೀಗೆ. ‘ಇದ್ದಲ್ಲಿ’ ಎಂಬ ಒಂದೇ ಪದದಿಂದ ಪರಿಹಾರ ಹಕ್ಕಾಗದೆ ದಯೆಯಾಯಿತು. ಕೇಂದ್ರ ಮಾರ್ಚ್ 26ರಂದೇ ಉಚಿತ ಪಡಿತರ, ಮಹಿಳೆಯರ ಜನಧನ ಖಾತೆಗೆ ತಿಂಗಳಿಗೆ 500 ರೂಪಾಯಿ ಪ್ರಕಟಿಸಿತು, ನಿಜ. ಅದು ಹೊಟ್ಟೆಯ ಮಾತು. ನಷ್ಟದ ಮಾತು ಬೇರೆ. ರಾಜ್ಯ ಸರ್ಕಾರದ 1,610 ಕೋಟಿ ರೂಪಾಯಿ ಪ್ಯಾಕೇಜ್ ಬಂದದ್ದು ಮೇ 6ಕ್ಕೆ: ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರು, ಅಗಸರು, ಆಟೋ ಚಾಲಕರಿಗೆ ತಲಾ 5,000. ಬಾಗಿಲು ಹಾಕಿ ಆರು ವಾರವಾಗಿತ್ತು. ದಕ್ಷಿಣ ಆಫ್ರಿಕಾ ಸರ್ಕಾರ ಕೂಡ ತಡವಾಗಿಯೇ ಎಚ್ಚೆತ್ತದ್ದು. ನಿರುದ್ಯೋಗಿಗಳಿಗೆ ತಿಂಗಳಿಗೆ 350 ರ್‍ಯಾಂಡ್ ಎಂದು ಅಧ್ಯಕ್ಷ ರಾಮಫೋಸಾ ಹೇಳಿದ್ದು ಏಪ್ರಿಲ್ 21ಕ್ಕೆ.

ತಡಮಾಡದೆ ನಡೆದ ಒಂದು ಉದಾಹರಣೆ ಹಾಲಿನದು. ಹೋಟೆಲ್, ಬೇಕರಿ ಮುಚ್ಚಿದರೆ ಹಸು ಕೆಚ್ಚಲು ಕಟ್ಟಿಕೊಂಡು ಕಾಯುವುದಿಲ್ಲ; ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಹಾಲು ಒಕ್ಕೂಟ ಮನ್‌ಮುಲ್‌ಗೆ ಎರಡು ಹೊತ್ತೂ ಹಾಲು ಬರಬೇಕು. ಒಕ್ಕೂಟಗಳಲ್ಲಿ ಉಳಿದ ನಂದಿನಿ ಹಾಲನ್ನು ಸರ್ಕಾರ ತಾನೇ ಕೊಂಡು ಏಪ್ರಿಲ್‌ನಲ್ಲಿ ಬಡವರ ಕೇರಿಗಳಿಗೆ ಉಚಿತವಾಗಿ ಹಂಚಿತು. ಡೈರಿಗೆ ಹಾಲು ಹಾಕುವವಳಿಗೆ ಬಟವಾಡೆ, ಕೇರಿಯ ಮಗುವಿಗೆ ಹಾಲು, ಎರಡೂ ಒಂದೇ ಖರ್ಚಿನಲ್ಲಿ. ‘ಯಾರು ಹೇಗೆ ಭರಿಸಬೇಕು’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವಿಲ್ಲ. ಅಂಥ ಕೊಂಡಿ ಹಾಲಿಗೆ ಸಿಕ್ಕಿತು, ಏಕೆಂದರೆ ಕೊಳ್ಳುವ, ಸಾಗಿಸುವ ವ್ಯವಸ್ಥೆ ರೋಗ ಬರುವ ಮುಂಚೆಯೇ ಇತ್ತು.

ಉಳಿದ ಕಲಂಗಳು

ಮೂರನೆಯದು ಶಿಕ್ಷೆ, 2020ರಲ್ಲಿ ಅದು ಐಪಿಸಿ 188ರ ಪ್ರಕಾರ ಇತ್ತು. ನಾಲ್ಕನೆಯದು, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬುದು. ಶಿಕ್ಷೆಯನ್ನು ಬಿಗಿ ಮಾಡುವ ಸುಗ್ರೀವಾಜ್ಞೆ ಕರ್ನಾಟಕದಲ್ಲಿ ಏಪ್ರಿಲ್‌ನಲ್ಲೇ ಬಂತು. ನಷ್ಟದ ಪ್ಯಾಕೇಜಿಗೆ ಮೇ ಬರಬೇಕಾಯಿತು. ಮುಂದಿನ ಸಲ ಆದೇಶ ಬರೆಯುವವರು ಈ ಕ್ರಮವನ್ನು ತಿರುಗಿಸಲಿ. ಗೂಡನ್ನು ಯಾರು ಕೊಳ್ಳುತ್ತಾರೆ, ಎಳನೀರಿನ ಲಾರಿಗೆ ಪಾಸು ಯಾರು ಕೊಡುತ್ತಾರೆ, ಕೂಲಿ ತಪ್ಪಿದವನಿಗೆ ದುಡ್ಡು ಯಾವ ವಾರ ಸೇರುತ್ತದೆ ಎಂಬುದು ಲಾಕ್‌ಡೌನ್ ಆದೇಶದ ಮೊದಲ ಪುಟದಲ್ಲೇ ಇರಲಿ, ‘ಇದ್ದಲ್ಲಿ’ ಎಂಬುದಿಲ್ಲದೆ.