ಹಕ್ಕಿಯ ಹೆಸರು ಹೇಳಿದವರಾರು?

ಚೇಳೂರಿನಲ್ಲಿ ಈಚೆಗೆ ಪಕ್ಷಿವೀಕ್ಷಣೆಯ ಹವ್ಯಾಸಿಗಳು ಏರ್ಪಡಿಸಿದ್ದ ಉಪನ್ಯಾಸವೊಂದನ್ನು ಕೇಳಿದೆ. ಹಿಂದಿನ ಪ್ರಕೃತಿಶಾಸ್ತ್ರಜ್ಞರ ಸಂಚಾರಗಳು ಅದರ ವಿಷಯ. ಭಾಷಣಕಾರರ ವ್ಯಾಸಂಗ ದೊಡ್ಡದು, ನಿರೂಪಣೆ ಸೊಗಸಾದುದು. 1800ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್, 1862ರಿಂದ 1864ರವರೆಗೆ ಭಾರತದ ಹಕ್ಕಿಗಳ ಗ್ರಂಥವನ್ನು ಹೊರತಂದ ಜೆರ್ಡನ್, 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿ, ಮೂವರೂ ಕಣ್ಣಮುಂದೆ ಬಂದು ನಿಂತರು.

ಆದರೂ ಒಂದು ಕೊರತೆಯನ್ನು ಹೇಳದಿರಲಾರೆ. ಭಾಷಣದ ಉದ್ದಕ್ಕೂ ನಡೆದವರು ಗ್ರಂಥಕರ್ತರು ಮಾತ್ರ. ದಾರಿ ತೋರಿದವರು ಕಾಣಲಿಲ್ಲ. ಜೆರ್ಡನ್ ಶಾಸ್ತ್ರೀಯ ನಾಮದ ಜೊತೆಗೆ ಹಿಂದಿ, ತೆಲುಗು ಮೊದಲಾದ ದೇಶೀ ಹೆಸರುಗಳನ್ನೂ ಕೊಟ್ಟಿದ್ದಾನೆ. ಅವು ಅವನು ಕಟ್ಟಿದ ಹೆಸರುಗಳಲ್ಲ. ಬೇಟೆಗಾರನೋ ಬಲೆಗಾರನೋ ಹೇಳಿರಬೇಕು. ಬುಕಾನನ್ ನಮ್ಮ ಗುಬ್ಬಿಗೂ ಬಂದವನು. 1807ರಲ್ಲಿ ಅಚ್ಚಾದ ಅವನ 3 ಸಂಪುಟಗಳಲ್ಲಿ ಬೆಳೆ, ನೀರಾವರಿ, ಕೂಲಿ, ಸಂತೆಗಳ ವಿವರ ತುಂಬಿದೆ. ಅದರಲ್ಲಿ ಎಷ್ಟೋ ಭಾಗ ರೈತರನ್ನೂ ವರ್ತಕರನ್ನೂ ಕೇಳಿ ಬರೆದದ್ದು. ಓದುವಾಗ ಇಂಗ್ಲಿಷಿನ ಅಡಿಯಲ್ಲಿ ಕನ್ನಡದ ದನಿ ಕೇಳಿಸುತ್ತದೆ. ಆ ದನಿಯನ್ನು ನಮಗೂ ಕೇಳಿಸುವುದು ಕನ್ನಡದ ಭಾಷಣಕಾರನ ಕೆಲಸವಲ್ಲವೆ?

ಉಪನ್ಯಾಸ ಮುಗಿದಮೇಲೆ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು, ಪರದೆಯ ಮೇಲಿದ್ದ ಹಕ್ಕಿಯನ್ನು ತೋರಿಸಿ, "ಅದು ನಮ್ಮ ಗೌಜಲಕ್ಕಿ ಅಲ್ಲವೇ ಸ್ವಾಮಿ?" ಎಂದರು. ಭಾಷಣಕಾರರು ತಲೆದೂಗಿ ಅದರ ಲ್ಯಾಟಿನ್ ಹೆಸರನ್ನು ಹೇಳಿದರು. ಸಭಿಕರು ಅದನ್ನು ಬರೆದುಕೊಂಡರು. ಗೌಜಲಕ್ಕಿಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಜೆರ್ಡನ್ ಅಲ್ಲಿದ್ದಿದ್ದರೆ ಎರಡನ್ನೂ ಬರೆದುಕೊಳ್ಳುತ್ತಿದ್ದ.